ಮಧುಮೇಹ ಇಲ್ಲದ ವಯಸ್ಕರಲ್ಲಿ ಲೋ ಶುಗರ್: ಕಾರಣ ಹುಡುಕೋದು ಎಲ್ಲಿಂದ?

ವಾರ್ಡ್_ಡ್ಯೂಟಿ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಒಂದೇ, ಸ್ವಲ್ಪ ಉದ್ದ ಇದೆ. ಮಧುಮೇಹ ಇಲ್ಲ, ಇನ್ಸುಲಿನ್ ಇಲ್ಲ, ಶುಗರ್ ಮಾತ್ರೆ ಇಲ್ಲ. ವಯಸ್ಸು ನಲವತ್ತರ ಆಸುಪಾಸು. ಬೆಳಗಿನ ಜಾವ ಮೈಯೆಲ್ಲ ಬೆವರು, ಮಾತು ತೊದಲು, ಕೇಳಿದ್ದಕ್ಕೆ ಸಂಬಂಧ ಇಲ್ಲದ ಉತ್ತರ. ಮನೆಯವರು ಬೆರಳು ಚುಚ್ಚಿ ನೋಡಿದರೆ ಮೀಟರಿನಲ್ಲಿ 48. ಸಕ್ಕರೆ ನೀರು ಕುಡಿಸಿದ ಹತ್ತು ಹದಿನೈದು ನಿಮಿಷಕ್ಕೆ ಸರಿಹೋದರು. ಆಸ್ಪತ್ರೆಗೆ ಬಂದಾಗ ಶುಗರ್ 96.

ಇಂಥವರಿಗೆ ಮೊದಲೇ ಹೊಟ್ಟೆಯ ಸಿಟಿ ಸ್ಕ್ಯಾನ್ ಬರೆಯುವವರಿದ್ದಾರೆ. ಫಾಸ್ಟಿಂಗ್ ಇನ್ಸುಲಿನ್ ಬರೆಯುವವರಿದ್ದಾರೆ. ಐದು ಗಂಟೆಯ ಜಿಟಿಟಿ (ಗ್ಲೂಕೋಸ್ ನೀರು ಕುಡಿಸಿ ಆಗಾಗ ಶುಗರ್ ನೋಡುವ ಪರೀಕ್ಷೆ) ಬರೆಯುವವರೂ ಇದ್ದಾರೆ. "ಹೊತ್ತುಹೊತ್ತಿಗೆ ತಿನ್ನಿ, ಏನಿಲ್ಲ" ಅಂತ ಮನೆಗೆ ಕಳಿಸುವವರೂ ಕಮ್ಮಿ ಇಲ್ಲ. ಸರಿಯಾದ ಕ್ರಮ ಯಾವುದು, ಯಾಕೆ? ದಯವಿಟ್ಟು ಅಂಕಿಗಳ ಸಮೇತ ಬರೆಯಿರಿ.

ನಿರ್ನಾಳ

ಸ್ಕ್ಯಾನೂ ಬೇಡ, ಜಿಟಿಟಿಯೂ ಬೇಡ. ಇದು ನಿಜವಾಗಿ ಲೋ ಶುಗರೇ ಹೌದಾ ಅನ್ನೋದು ಮೊದಲು ಗಟ್ಟಿಯಾಗಬೇಕು. ಅದಕ್ಕೆ 1930ರ ದಶಕದಿಂದ ಬಳಕೆಯಲ್ಲಿರುವ ಅಳತೆಗೋಲು ವಿಪಲ್ ತ್ರಿಕೂಟ; ಅಲೆನ್ ವಿಪಲ್ ಎಂಬ ಶಸ್ತ್ರವೈದ್ಯರ ಹೆಸರಿನದು. ಲೋ ಶುಗರಿಗೆ ಒಪ್ಪುವ ಲಕ್ಷಣ ಇರಬೇಕು, ಅದೇ ಹೊತ್ತಿನಲ್ಲಿ ನಂಬುವಂಥ ವಿಧಾನದಲ್ಲಿ ಅಳೆದ ಪ್ಲಾಸ್ಮಾ ಗ್ಲೂಕೋಸ್ ಕಡಿಮೆ ಇರಬೇಕು, ಗ್ಲೂಕೋಸ್ ಏರಿಸಿದ ಮೇಲೆ ಲಕ್ಷಣ ಹೋಗಬೇಕು. ಮೂರೂ ಕೂಡಿದರೆ ಮಾತ್ರ ಮುಂದಿನ ಹುಡುಕಾಟ. 2009ರ ಎಂಡೋಕ್ರೈನ್ ಸೊಸೈಟಿ ಮಾರ್ಗಸೂಚಿ ಹೇಳೋದೂ ಇದನ್ನೇ.

ನೀವು ಹೇಳಿದವರಲ್ಲಿ ಮೊದಲನೆಯದೂ ಮೂರನೆಯದೂ ಇದೆ, ನಡುವಿನದು ಅರೆಬರೆ. 96 ಇದ್ದಾಗ ತೆಗೆದ ಇನ್ಸುಲಿನ್ ಯಾವ ಪ್ರಶ್ನೆಗೂ ಉತ್ತರ ಕೊಡಲ್ಲ. ಶುಗರ್ 96 ಇದ್ದು ಇನ್ಸುಲಿನ್ 8 ಬಂದರೆ ಅದು ಸಹಜ. ಶುಗರ್ 45 ಇದ್ದು ಅದೇ 8 ಬಂದರೆ ಅದು ರೋಗ. ಶುಗರ್ ಇಳಿದ ಗಳಿಗೆಯ ರಕ್ತ ಸಿಗುವವರೆಗೂ ನಾವು ಊಹೆ ಮಾಡ್ತಾ ಇರ್ತೀವಿ, ಅಷ್ಟೇ.

ಓದುಗ_27

ಮೀಟರಲ್ಲಿ 48 ಬಂದಿದೆಯಲ್ಲ, ಇನ್ನೇನು ಸಾಕ್ಷಿ ಬೇಕು?

ಟ್ಯೂಬ್_ಲೇಬಲ್

ಸಾಕಾಗಲ್ಲ. ಮನೆಯ ಮೀಟರುಗಳಿಗೆ 2013ರ ಐಎಸ್‌ಒ ಮಾನದಂಡ ಕೊಟ್ಟಿರುವ ಸಡಿಲಿಕೆ ನೋಡಿ: 100ಕ್ಕಿಂತ ಕೆಳಗೆ ಲ್ಯಾಬ್ ಅಂಕಿಗಿಂತ 15 ಮಿಲಿಗ್ರಾಂ ಆಚೀಚೆ ಇದ್ದರೂ ಪಾಸು. ಅದೂ ನೂರಕ್ಕೆ 95 ಅಳತೆಗಳಲ್ಲಿ. ಅಂದರೆ 48 ಅಂತ ತೋರಿಸಿದ್ದು ನಿಜದಲ್ಲಿ 63 ಇರಬಹುದು, 33 ಇರಬಹುದು. ಮಧುಮೇಹ ಇರುವವರ ದಿನನಿತ್ಯದ ಲೆಕ್ಕಕ್ಕೆ ಇಷ್ಟು ನಿಖರತೆ ಸಾಕು. ರೋಗನಿರ್ಣಯದ ಗೆರೆಯೇ 55 ಆಗಿರುವಾಗ ಸಾಕಾಗಲ್ಲ.

ಬೆರಳು ತಣ್ಣಗಾಗಿ ರಕ್ತಸಂಚಾರ ಕುಗ್ಗಿದ್ದರೂ ಮೀಟರ್ ಸುಳ್ಳೇ ಕಡಿಮೆ ತೋರಿಸುತ್ತೆ. ಚಳಿಗೆ ಬೆರಳು ಬಿಳಿಚಿ ನೀಲಿಗಟ್ಟುವ ರೇನೋ ತೊಂದರೆ ಇರುವವರಲ್ಲಿ, ಶಾಕ್‌ನಲ್ಲಿ ಇರುವವರಲ್ಲಿ ಇದು ಗೊತ್ತಿರುವ ಮೋಸ. ಕೈಗೆ ಸಕ್ಕರೆ ಅಂಟಿದ್ದರೆ ಉಲ್ಟಾ, ನಿಜವಾದ ಲೋ ಕಾಣೋದೇ ಇಲ್ಲ. ಹಾಗಂತ ಮೀಟರ್ ಅಂಕಿಯನ್ನ ಕಸದ ಬುಟ್ಟಿಗೆ ಹಾಕಬೇಡಿ. ಅದು ಎಚ್ಚರಿಕೆಯ ಗಂಟೆ. ಗಂಟೆ ಹೊಡೆದಾಗ ತೋಳಿನ ರಕ್ತನಾಳದಿಂದ ರಕ್ತ ತೆಗೆಯಬೇಕು.

ತುರ್ತು_ಘಟಕ

ಮೇಲಿನ ಮಾತಿಗೆ ಒಂದು ತಿದ್ದುಪಡಿ. ರಕ್ತ ತೆಗೆಯೋದು ನಿಜ, ಆದರೆ ರೋಗಿ ಎಚ್ಚರ ತಪ್ಪಿದ್ದರೆ ಅಥವಾ ಫಿಟ್ಸ್ ಬರ್ತಿದ್ದರೆ ಟ್ಯೂಬಿಗಾಗಿ ಕಾಯೋ ಹಾಗಿಲ್ಲ. ಕ್ಯಾನುಲಾ ಹಾಕುವಾಗಲೇ 10 ಮಿ.ಲೀ. ಸಿರಿಂಜಿಗೆ ಎಳೆದು ಪಕ್ಕಕ್ಕಿಡಿ, ಮರುಕ್ಷಣ ಡೆಕ್ಸ್‌ಟ್ರೋಸ್ (ನಾಳಕ್ಕೆ ಕೊಡುವ ಗ್ಲೂಕೋಸ್ ದ್ರಾವಣ) ಕೊಡಿ. 25 ಗ್ರಾಂ ಬೇಕು: 50 ಶೇಕಡಾದ್ದಾದರೆ 50 ಮಿ.ಲೀ., 10 ಶೇಕಡಾದ್ದಾದರೆ 250 ಮಿ.ಲೀ. ಎರಡನೆಯದು ರಕ್ತನಾಳಕ್ಕೆ ಮೃದು. ಸೂಜಿ ಹೊರಗೆ ಜಾರಿದರೂ ಚರ್ಮ ಸುಡುವ ಅಪಾಯ ಕಡಿಮೆ. ನಾಳ ಸಿಗದಿದ್ದರೆ ಗ್ಲೂಕಗಾನ್ (ಲಿವರಿನ ಸಕ್ಕರೆ ದಾಸ್ತಾನನ್ನ ಹೊರಬಿಡಿಸುವ ಹಾರ್ಮೋನ್) 1 ಮಿ.ಗ್ರಾಂ ಸ್ನಾಯುವಿಗೆ. ಮದ್ಯದ ಚಟ ಇದ್ದವರಿಗೆ, ತೀರಾ ಸೊರಗಿದವರಿಗೆ ಜೊತೆಗೇ ಥಯಮಿನ್.

ಎಚ್ಚರ ಇದ್ದು ನುಂಗಬಲ್ಲವರಿಗೆ ಬಾಯಿಂದ 15 ಗ್ರಾಂ ಗ್ಲೂಕೋಸ್, 15 ನಿಮಿಷಕ್ಕೆ ಮತ್ತೆ ಪರೀಕ್ಷೆ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತೆ.

ವಾರ್ಡ್_ಡ್ಯೂಟಿ

@ತುರ್ತು_ಘಟಕ ಸರ್, ಆ 10 ಮಿ.ಲೀ.ನಲ್ಲಿ ಏನೇನು ಕಳಿಸಬೇಕು?

ನಿರ್ನಾಳ

ಗ್ಲೂಕೋಸ್, ಇನ್ಸುಲಿನ್, ಸಿ-ಪೆಪ್ಟೈಡ್ (ದೇಹದ ಇನ್ಸುಲಿನ್ ಜೊತೆ ಹೊರಬರುವ ತುಣುಕು), ಪ್ರೊಇನ್ಸುಲಿನ್ (ಇನ್ಸುಲಿನ್‌ನ ಹಿಂದಿನ ರೂಪ), ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ (ಕೊಬ್ಬು ಕರಗಿದಾಗ ಬರುವ ಕೀಟೋನ್), ಸಲ್ಫೊನಿಲ್‌ಯೂರಿಯಾ ಮತ್ತು ಗ್ಲಿನೈಡ್ (ಇನ್ಸುಲಿನ್ ಹೆಚ್ಚಿಸುವ ಶುಗರ್ ಮಾತ್ರೆಗಳು) ತಪಾಸಣೆ. ಆರೂ ಒಂದೇ ಚುಚ್ಚಿಗೆ. ಕಾರ್ಟಿಸಾಲ್ (ಅಡ್ರಿನಲ್ ಗ್ರಂಥಿಯ ಹಾರ್ಮೋನ್) ಕೂಡ ಸೇರಿಸಬಹುದು. ಇನ್ಸುಲಿನ್ ಆ್ಯಂಟಿಬಾಡಿಗೆ (ಇನ್ಸುಲಿನ್‌ಗೆ ಅಂಟಿಕೊಳ್ಳುವ ಪ್ರತಿಕಾಯ) ಆತುರ ಇಲ್ಲ, ಅದನ್ನ ಶುಗರ್ ಸರಿ ಇದ್ದಾಗಲೂ ನೋಡಬಹುದು.

ಟ್ಯೂಬ್_ಲೇಬಲ್

ಪಟ್ಟಿ ಬರೆಯೋದು ಸುಲಭ, ಟ್ಯೂಬು ಹಾಳಾಗೋದು ಅದಕ್ಕಿಂತ ಸುಲಭ. ಇದನ್ನ ಸ್ವಲ್ಪ ವಿವರವಾಗಿ ಬರೀತೀನಿ, ಯಾಕಂದ್ರೆ ಎಡವೋದು ಇಲ್ಲೇ.

ಗ್ಲೂಕೋಸ್: ತೆಗೆದ ರಕ್ತದಲ್ಲಿ ಜೀವಕೋಶಗಳು ಬದುಕಿರುತ್ತವೆ, ಗ್ಲೂಕೋಸ್ ತಿಂತಾನೇ ಇರುತ್ತವೆ. ಬೇರ್ಪಡಿಸದೆ ಕೋಣೆಯ ಉಷ್ಣತೆಯಲ್ಲಿ ಬಿಟ್ಟರೆ ಗಂಟೆಗೆ ಶೇ. 5ರಿಂದ 7 ಇಳಿಯುತ್ತೆ. 80 ಇದ್ದದ್ದು ಮೂರು ಗಂಟೆ ಮೇಜಿನ ಮೇಲೆ ಕೂತರೆ 65ರ ಹತ್ತಿರ ಬಂದಿರುತ್ತೆ. ಲ್ಯುಕೀಮಿಯಾದಲ್ಲಿ ಬಿಳಿಕಣ ವಿಪರೀತ ಇದ್ದಾಗ, ಪಾಲಿಸೈಥೀಮಿಯಾದಲ್ಲಿ ಕೆಂಪುಕಣ ವಿಪರೀತ ಇದ್ದಾಗ ಇನ್ನೂ ಬೇಗ ಇಳಿಯುತ್ತೆ. ವರದಿಯಲ್ಲಿ 40 ಅಂತ ಇರುತ್ತೆ, ರೋಗಿ ಆರಾಮಾಗಿ ಮಾತಾಡ್ತಾ ಕೂತಿರ್ತಾರೆ. ಇದು ಹುಸಿ ಲೋ ಶುಗರ್.

ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬಿಗೆ ಹಾಕಿದರೆ ನಿಶ್ಚಿಂತೆ ಅಂದುಕೊಳ್ಳಬೇಡಿ. ಫ್ಲೋರೈಡ್ ತಡೆಯೋದು ಈನೋಲೇಸ್ ಕಿಣ್ವವನ್ನ, ಅದು ಗ್ಲೂಕೋಸ್ ಒಡೆಯುವ ಸರಪಳಿಯ ಕೊನೆಯ ಕಡೆ ಇರೋದು. ಮೊದಲ ಒಂದೆರಡು ಗಂಟೆ ಸೋರಿಕೆ ನಡೆದೇ ಇರುತ್ತೆ. ಸಿಟ್ರೇಟ್ ಸೇರಿದ ಟ್ಯೂಬು ಸಿಕ್ಕರೆ ಉತ್ತಮ, ಅದು ತಕ್ಷಣ ತಡೆಯುತ್ತೆ. ಇಲ್ಲದಿದ್ದರೆ ಮಂಜುಗಡ್ಡೆಯಲ್ಲಿಟ್ಟು ಅರ್ಧ ಗಂಟೆಯೊಳಗೆ ಪ್ಲಾಸ್ಮಾ ಬೇರ್ಪಡಿಸಿ.

ಇನ್ಸುಲಿನ್: ಕೆಂಪುಕಣದೊಳಗೆ ಇನ್ಸುಲಿನ್ ಒಡೆಯುವ ಕಿಣ್ವ ಇದೆ. ಸಣ್ಣ ಸೂಜಿಯಿಂದ ಜೋರಾಗಿ ಎಳೆದು ಕಣಗಳು ಒಡೆದರೆ ಇನ್ಸುಲಿನ್ ಸುಳ್ಳೇ ಕಡಿಮೆ ಬರುತ್ತೆ. ಸ್ಯಾಂಪಲ್ ಕೆಂಪಗೆ ಕಂಡರೆ ಆ ಫಲಿತಾಂಶ ನಂಬಬೇಡಿ.

ಕೂದಲು, ಉಗುರಿಗೆ ಅಂತ ಬಯೋಟಿನ್ ಮಾತ್ರೆ ನುಂಗುವವರು ಬಹಳ. ಕೆಲವು ಯಂತ್ರಗಳಲ್ಲಿ ಇನ್ಸುಲಿನ್, ಸಿ-ಪೆಪ್ಟೈಡ್ ಎರಡನ್ನೂ ಅದು ಕೆಳಗೆ ತಳ್ಳುತ್ತೆ. ಕೇಳಿ ಬರೆದುಕೊಳ್ಳಿ.

ಸಿಸ್ಟರ್_ನೈಟ್

ಡ್ರಿಪ್ ಹೋಗ್ತಿರೋ ಕೈಯಿಂದ ರಕ್ತ ಎಳೆಯಬೇಡಿ ಅಂತಲೂ ಸೇರಿಸಿ. ಡೆಕ್ಸ್‌ಟ್ರೋಸ್ ಹೋಗ್ತಿದ್ದರೆ 300 ಬರುತ್ತೆ, ಸಲೈನ್ ಹೋಗ್ತಿದ್ದರೆ ತೆಳುವಾಗಿ ಸುಳ್ಳು ಲೋ ಬರುತ್ತೆ.

ಓದುಗ_27

70ಕ್ಕಿಂತ ಕಡಿಮೆ ಅಂದ್ರೆ ಲೋ ಅಂತ ಎಲ್ಲ ಕಡೆ ಬರೆದಿರುತ್ತೆ. ನೀವು 55 ಅಂತಿದ್ದೀರ. ಯಾವುದು ಸರಿ?

ನಿರ್ನಾಳ

ಎರಡೂ ಸರಿ, ಸಂದರ್ಭ ಬೇರೆ. 70 ಅನ್ನೋದು ಇನ್ಸುಲಿನ್ ಅಥವಾ ಮಾತ್ರೆ ತಗೊಳ್ಳೋ ಮಧುಮೇಹಿಗಳಿಗೆ "ಈಗಲೇ ಏನಾದರೂ ತಿನ್ನಿ" ಅನ್ನುವ ಗೆರೆ. ಅವರಲ್ಲಿ ಒಳಗೆ ಹೋದ ಇನ್ಸುಲಿನ್ ನಿಲ್ಲಿಸೋಕೆ ಆಗಲ್ಲ, ಹಾಗಾಗಿ ಮುಂಚೆಯೇ ಎಚ್ಚರ. 54ಕ್ಕಿಂತ ಕೆಳಗೆ ಎರಡನೇ ಹಂತ. ಬೇರೆಯವರ ಸಹಾಯ ಬೇಕಾಗುವಷ್ಟು ಬುದ್ಧಿ ಮಂಕಾದರೆ ಅಂಕಿ ಎಷ್ಟೇ ಇರಲಿ, ಮೂರನೇ ಹಂತ.

ಮಧುಮೇಹ ಇಲ್ಲದವರ ದೇಹಕ್ಕೆ ತನ್ನದೇ ಕಾವಲಿದೆ. 80-85ರ ಹತ್ತಿರ ಇನ್ಸುಲಿನ್ ಸ್ರವಿಕೆ ಕುಗ್ಗುತ್ತೆ. 65-70ರಲ್ಲಿ ಗ್ಲೂಕಗಾನ್, ಅಡ್ರಿನಲಿನ್ ಏರುತ್ತವೆ. 55ರ ಸುತ್ತ ಬೆವರು, ನಡುಕ, ಎದೆ ಡವಡವ, ಹಸಿವು. ಅದರಿಂದ ಕೆಳಗೆ ಮೆದುಳಿಗೇ ಸಕ್ಕರೆ ಸಾಲದೆ ಗೊಂದಲ, ತೊದಲು, ವಿಚಿತ್ರ ವರ್ತನೆ, ಫಿಟ್ಸ್. ಆರೋಗ್ಯವಂತರು 65 ತೋರಿಸಿದರೆ ಅದು ಕಾವಲು ಕೆಲಸ ಮಾಡ್ತಿದೆ ಅನ್ನೋದರ ಗುರುತು, ರೋಗ ಅಲ್ಲ. ಎಳೆಯ ವಯಸ್ಸಿನ ತೆಳ್ಳಗಿನ ಹೆಂಗಸರಲ್ಲಿ ದೀರ್ಘ ಉಪವಾಸದಲ್ಲಿ 40ರ ಆಸುಪಾಸಿಗೆ ಇಳಿದೂ ಏನೂ ಅನಿಸದೇ ಇರಬಹುದು. ಅದಕ್ಕೇ ಲಕ್ಷಣ ಇಲ್ಲದ ಬರಿಯ ಅಂಕಿ ಹಿಡಿದು ಓಡಬಾರದು.

ಕನ್ನಡ_ಕೋಶ

ವಿಷಯಾಂತರಕ್ಕೆ ಕ್ಷಮೆ ಇರಲಿ. ಜನ ಬಂದು "ಬಿಪಿ ಲೋ ಆಯ್ತು" ಅನ್ನೋದರಲ್ಲಿ ಎಷ್ಟೋ ಸಲ ಶುಗರ್ ಇಳಿದದ್ದೂ ಸೇರಿರುತ್ತೆ. "ಕಣ್ಣು ಕತ್ತಲೆ ಕಟ್ಟಿತು", "ಕೈಕಾಲು ಬಿದ್ದುಹೋದವು", "ಜೀವ ಹಿಡಿದಂಗಾಯ್ತು" ಇವೆಲ್ಲ ಯಾವುದಕ್ಕೂ ಹೊಂದುವ ಮಾತು. ಹಾಗಿರುವಾಗ ಲಕ್ಷಣ ಒಪ್ಪುತ್ತೆ ಅಂತ ಹೇಗೆ ತೀರ್ಮಾನಿಸ್ತೀರಿ?

ತುರ್ತು_ಘಟಕ

ವಿಷಯಾಂತರ ಏನಲ್ಲ, ಒಳ್ಳೆ ಪ್ರಶ್ನೆ. ಎದ್ದು ನಿಂತಾಗ ಬಂದು ಮಲಗಿದ ತಕ್ಷಣ ಹೋದರೆ ಬಿಪಿ ಕಡೆ ನೋಡಿ. ಶುಗರ್ ಮಲಗಿದರೆ ಏರಲ್ಲ. ಗೊಂದಲ, ನೆನಪು ಹೋಗುವುದು, ಜೊತೆಯಲ್ಲಿದ್ದವರು "ಆಗ ಅವರು ಅವರಾಗಿರಲಿಲ್ಲ" ಅನ್ನುವುದು ಬಹಳ ಬೆಲೆಯುಳ್ಳ ಸುಳಿವು. ಬರೀ ನಡುಕ, ಬೆವರು ಆತಂಕದಲ್ಲೂ ಬರುತ್ತೆ, ಥೈರಾಯ್ಡ್ ಹೆಚ್ಚಾದಾಗಲೂ ಬರುತ್ತೆ. ರೋಗಿಗಿಂತ ಪಕ್ಕದಲ್ಲಿದ್ದವರನ್ನ ಕೇಳಿ. ಮೆದುಳು ಮಂಕಾದ ಹೊತ್ತಿನ ನೆನಪು ರೋಗಿಗೆ ಉಳಿದಿರಲ್ಲ.

ಗಡಿಯಾರವನ್ನೂ ಕೇಳಿ. ಕೊನೆಯ ಊಟ ಎಷ್ಟು ಗಂಟೆಗೆ, ಲಕ್ಷಣ ಎಷ್ಟು ಗಂಟೆಗೆ. ಖಾಲಿ ಹೊಟ್ಟೆಯಲ್ಲಾ, ಊಟದ ಎರಡು ಮೂರು ಗಂಟೆಗಾ, ದೈಹಿಕ ಶ್ರಮದ ಮೇಲಾ?

ಮಾತ್ರೆ_ಪಟ್ಟಿ

ಇಷ್ಟು ಹೊತ್ತಾದರೂ ಯಾರೂ ಔಷಧದ ಹತ್ತಿರ ಬರಲಿಲ್ಲ. ವಯಸ್ಕರಲ್ಲಿ ಲೋ ಶುಗರಿನ ಅತಿ ಸಾಮಾನ್ಯ ಕಾರಣವೇ ಔಷಧ. ಇನ್ಸುಲಿನೋಮಾ (ಇನ್ಸುಲಿನ್ ಸುರಿಸುವ ಪ್ಯಾಂಕ್ರಿಯಾಸ್ ಗಡ್ಡೆ) ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ನಾಲ್ಕು ಮಂದಿಗೆ ಬರುವ ಕಾಯಿಲೆ. ಅದನ್ನ ಹುಡುಕುವ ಮೊದಲು ಚೀಲದಲ್ಲಿರುವ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಸುರಿಸಿ.

"ಶುಗರ್ ಮಾತ್ರೆ ಇಲ್ಲ" ಅನ್ನುವ ಮಾತನ್ನ ನಂಬಿ ಕೂರಬೇಡಿ. ಮನೆಯಲ್ಲಿ ಬೇರೆ ಯಾರಿಗಾದರೂ ಮಧುಮೇಹ ಇದೆಯಾ? ಬಿಪಿ ಮಾತ್ರೆ ಅಂದುಕೊಂಡು ಅವರ ಗ್ಲೈಮಿಪಿರೈಡ್ ನುಂಗಿದ್ದಾರಾ? ಔಷಧಿ ಅಂಗಡಿಯಲ್ಲಿ ಹೆಸರು ಹೋಲುವ ಬೇರೆ ಸ್ಟ್ರಿಪ್ ಕೊಟ್ಟಿದ್ದಾರಾ? ಗಿಡಮೂಲಿಕೆ ಅಂತ ಕೊಟ್ಟ ಪುಡಿಯಲ್ಲಿ ಗ್ಲಿಬೆನ್‌ಕ್ಲಮೈಡ್ ಎಂಬ ಶುಗರ್ ಔಷಧ ಬೆರೆಸಿದ್ದು ಹಲವು ದೇಶಗಳಲ್ಲಿ ಸಿಕ್ಕಿಬಿದ್ದಿದೆ. ಸ್ಟ್ರಿಪ್ಪನ್ನು ಕೈಗೆ ತಗೊಂಡು ಹಿಂಬದಿಯ ಸಣ್ಣಕ್ಷರ ಓದಿ, ಮಾತ್ರೆಯ ಬಣ್ಣ ನೋಡಿ ಊಹಿಸಬೇಡಿ.

ಮಧುಮೇಹದ್ದಲ್ಲದ ಔಷಧಗಳೂ ಇವೆ: ಕ್ವಿನೈನ್, ಪೆಂಟಮಿಡಿನ್, ಹೈಡ್ರಾಕ್ಸಿಕ್ಲೋರೋಕ್ವಿನ್, ಟ್ರಮಡಾಲ್, ಲಿವೋಫ್ಲಾಕ್ಸಸಿನ್‌ನಂಥ ಕ್ವಿನೊಲೋನ್‌ಗಳು, ಕಿಡ್ನಿ ಸೋತವರಲ್ಲಿ ಕೋಟ್ರೈಮಾಕ್ಸಜೋಲ್. ಬೀಟಾ ಬ್ಲಾಕರ್ ನಡುಕವನ್ನೂ ಎದೆಬಡಿತವನ್ನೂ ಮುಚ್ಚಿಡುತ್ತೆ, ಬೆವರನ್ನ ಮುಚ್ಚಲ್ಲ. ಅದನ್ನ ತಗೊಳ್ಳುವವರಲ್ಲಿ ಬೆವರೊಂದೇ ಉಳಿದ ಗುರುತು.

ಸಿಸ್ಟರ್_ನೈಟ್

ಮದ್ಯ ಬಿಟ್ಟಿರಿ.

ಮಾತ್ರೆ_ಪಟ್ಟಿ

ಹೌದು, ಅದು ಮೊದಲೇ ಬರಬೇಕಿತ್ತು. ಮದ್ಯ ಲಿವರಿನಲ್ಲಿ ಹೊಸ ಗ್ಲೂಕೋಸ್ ತಯಾರಾಗೋದನ್ನ ತಡೆಯುತ್ತೆ. ಊಟ ಬಿಟ್ಟು ಕುಡಿದವರಲ್ಲಿ ಲಿವರಿನ ಗ್ಲೈಕೋಜನ್ ದಾಸ್ತಾನು ಖಾಲಿಯಾದ ಮೇಲೆ ಶುಗರ್ ನೇರ ಕೆಳಗೆ. ಇಂಥವರಿಗೆ ಗ್ಲೂಕಗಾನ್ ಚುಚ್ಚಿದರೂ ಪ್ರಯೋಜನ ಇಲ್ಲ, ಕರಗಿಸೋಕೆ ದಾಸ್ತಾನೇ ಇಲ್ಲ. ಡೆಕ್ಸ್‌ಟ್ರೋಸೇ ಬೇಕು. ಬಾಯಿ ವಾಸನೆ ನೋಡಿ "ಅಮಲು" ಅಂತ ಮೂಲೆಯಲ್ಲಿ ಮಲಗಿಸಿ ಶುಗರ್ ನೋಡದೇ ಬಿಡೋದು ಪ್ರಾಣಕ್ಕೆ ಮುಳುವು.

ತುರ್ತು_ಘಟಕ

ಸಲ್ಫೊನಿಲ್‌ಯೂರಿಯಾ ಅಂತ ಗೊತ್ತಾದರೆ ಒಂದು ಡೆಕ್ಸ್‌ಟ್ರೋಸ್ ಕೊಟ್ಟು, 140 ಬಂತು ಅಂತ ಮನೆಗೆ ಕಳಿಸಬೇಡಿ. ಕೊಟ್ಟ ಸಕ್ಕರೆಯೇ ಇನ್ನಷ್ಟು ಇನ್ಸುಲಿನ್ ಎಬ್ಬಿಸುತ್ತೆ, ಮತ್ತೆ ಇಳಿಯುತ್ತೆ. ಕನಿಷ್ಠ 24 ಗಂಟೆ ಒಳಗಿಟ್ಟು ನೋಡಬೇಕು. ಕಿಡ್ನಿ ಸೋತಿದ್ದರೆ ಇನ್ನೂ ಹೆಚ್ಚು. ಮತ್ತೆ ಮತ್ತೆ ಇಳಿದರೆ ಆಕ್ಟ್ರಿಯೊಟೈಡ್ 50 ಮೈಕ್ರೋಗ್ರಾಂ ಚರ್ಮದಡಿಗೆ, ಆರೆಂಟು ಗಂಟೆಗೊಮ್ಮೆ.

ವಾರ್ಡ್_ಡ್ಯೂಟಿ

ಮಲಗಿದ ರೋಗಿ, ಅಂದರೆ ಬೇರೆ ಕಾಯಿಲೆಗೆ ದಾಖಲಾದವರಲ್ಲೂ ಇದೇ ಕ್ರಮನಾ?

ನಿರ್ನಾಳ

ಇಲ್ಲ. ಮೊದಲ ಕವಲೇ ಅದು: ನೋಡಲು ಆರೋಗ್ಯವಂತರಾ, ಕಾಯಿಲೆಯವರಾ. ಕಾಯಿಲೆಯವರಲ್ಲಿ ಕಾರಣ ಸಾಮಾನ್ಯವಾಗಿ ಕಣ್ಣೆದುರೇ ಇರುತ್ತೆ: ಸೆಪ್ಸಿಸ್, ಲಿವರ್ ವೈಫಲ್ಯ, ಕಿಡ್ನಿ ವೈಫಲ್ಯ, ತೀವ್ರ ಹೃದಯ ವೈಫಲ್ಯ, ಮಲೇರಿಯಾ, ಆಹಾರವೇ ಇಲ್ಲದಿರುವುದು. ಕಿಡ್ನಿ ಸೋತರೆ ಇನ್ಸುಲಿನ್ ಬೇಗ ಖಾಲಿಯಾಗಲ್ಲ, ಕಿಡ್ನಿ ತಾನೇ ತಯಾರಿಸುತ್ತಿದ್ದ ಗ್ಲೂಕೋಸೂ ನಿಲ್ಲುತ್ತೆ. ಇವರಿಗೆ 72 ಗಂಟೆಯ ಉಪವಾಸ ಪರೀಕ್ಷೆ ಮಾಡೋದು ತಪ್ಪು, ಅಪಾಯ ಕೂಡ.

ಅಡ್ರಿನಲ್ ಗ್ರಂಥಿಯನ್ನ ಎರಡೂ ಗುಂಪಿನಲ್ಲಿ ನೆನಪಿಡಿ. ತೂಕ ಇಳಿಕೆ, ವಾಂತಿ, ಬಿಪಿ ಕಡಿಮೆ, ಸೋಡಿಯಂ ಕಡಿಮೆ, ಚರ್ಮ ಕಪ್ಪಾಗುವುದು; ಇಲ್ಲವೇ ಎಷ್ಟೋ ತಿಂಗಳಿಂದ ತಗೊಳ್ತಿದ್ದ ಸ್ಟೀರಾಯ್ಡ್ ಏಕಾಏಕಿ ನಿಲ್ಲಿಸಿದ ಚರಿತ್ರೆ. ಬೆಳಿಗ್ಗೆ 8ರ ಕಾರ್ಟಿಸಾಲ್ 3 ಮೈಕ್ರೋಗ್ರಾಂಗಿಂತ ಕೆಳಗಿದ್ದರೆ ಬಹುತೇಕ ಖಚಿತ. ನಡುವೆ ಎಲ್ಲೋ ಇದ್ದರೆ 250 ಮೈಕ್ರೋಗ್ರಾಂ ಸಿನ್ಯಾಕ್ಥೆನ್ (ಅಡ್ರಿನಲ್ ಗ್ರಂಥಿಯನ್ನ ಚುರುಕುಗೊಳಿಸುವ ಚುಚ್ಚುಮದ್ದು) ಕೊಟ್ಟು 30 ಮತ್ತು 60 ನಿಮಿಷಕ್ಕೆ ನೋಡಿ.

ಅಂಕಿ_ಅಂಶ

ಶುಗರ್ ಇಳಿದಾಗ ತೆಗೆದ ಕಾರ್ಟಿಸಾಲ್ 10 ಬಂದರೆ ಅಡ್ರಿನಲ್ ಸೋತಿದೆ ಅಂತ ತಾನೇ?

ನಿರ್ನಾಳ

ಅಲ್ಲ, ಇಲ್ಲಿ ಅವಸರ ಬೇಡ. ಪದೇ ಪದೇ ಶುಗರ್ ಇಳಿಯುವವರಲ್ಲಿ ಕಾರ್ಟಿಸಾಲ್ ಪ್ರತಿಕ್ರಿಯೆಯೇ ಮಂಕಾಗಿರುತ್ತೆ. ಒಳ್ಳೆ ಏರಿಕೆ ಕಂಡರೆ ಅಡ್ರಿನಲ್ ಸರಿ ಅನ್ನಬಹುದು. ಏರಲಿಲ್ಲ ಅಂದ ಮಾತ್ರಕ್ಕೆ ಸೋತಿದೆ ಅನ್ನೋ ಹಾಗಿಲ್ಲ. ಸಿನ್ಯಾಕ್ಥೆನ್ ಮಾಡಿ ತೀರ್ಮಾನಿಸಿ.

ವಾರ್ಡ್_ಡ್ಯೂಟಿ

ಸರಿ. ನನ್ನ ಪ್ರಶ್ನೆಯ ವ್ಯಕ್ತಿ ನೋಡಲು ಆರೋಗ್ಯವಂತರು, ಔಷಧ ಏನೂ ಸಿಗಲಿಲ್ಲ, ಈಗ ಶುಗರ್ 96. ತಾನಾಗಿ ಇಳಿಯೋವರೆಗೂ ಕಾಯಬೇಕಾ?

ಸಿಸ್ಟರ್_ನೈಟ್

ಕಾಯಬಾರದು, ಆಸ್ಪತ್ರೆಯಲ್ಲೇ ಇಳಿಸಬೇಕು. ಅದೇ 72 ಗಂಟೆ ಉಪವಾಸ. ನಡೆಸುವ ಬಗೆ:

ಗಡಿಯಾರ ಶುರುವಾಗೋದು ಕೊನೆಯ ತುತ್ತಿನಿಂದ, ದಾಖಲಾದ ಹೊತ್ತಿನಿಂದಲ್ಲ. ಅನಿವಾರ್ಯ ಅಲ್ಲದ ಔಷಧಗಳನ್ನ ನಿಲ್ಲಿಸಿ. ನೀರು ಕುಡಿಯಬಹುದು, ಕ್ಯಾಲರಿ ಮತ್ತು ಕೆಫೀನ್ ಇಲ್ಲದ ಪಾನೀಯ ಮಾತ್ರ. ಕ್ಯಾನುಲಾ ಮೊದಲೇ ಹಾಕಿ, ಡೆಕ್ಸ್‌ಟ್ರೋಸ್ ಹಾಸಿಗೆ ಪಕ್ಕದಲ್ಲೇ ಇರಲಿ. ಎಚ್ಚರ ಇರುವಾಗ ವಾರ್ಡಿನಲ್ಲಿ ಓಡಾಡಿಸಿ, ಮಲಗಿಯೇ ಇದ್ದರೆ ಇಳಿಯೋದು ತಡ.

ಆರು ಗಂಟೆಗೊಮ್ಮೆ ರಕ್ತ. ಗ್ಲೂಕೋಸ್ 60ಕ್ಕಿಂತ ಕೆಳಗೆ ಹೋದ ಮೇಲೆ ಒಂದೆರಡು ಗಂಟೆಗೊಮ್ಮೆ. ಇನ್ಸುಲಿನ್, ಸಿ-ಪೆಪ್ಟೈಡ್ ಎಲ್ಲ ಸಲವೂ ತೆಗೆದಿಡಿ, ಆದರೆ 60ಕ್ಕಿಂತ ಕೆಳಗಿನ ಟ್ಯೂಬುಗಳನ್ನಷ್ಟೇ ಲ್ಯಾಬಿನಲ್ಲಿ ಓಡಿಸಿದರೆ ಸಾಕು. ಪ್ರತಿ ಸಲ ಸಣ್ಣ ಪರೀಕ್ಷೆ: ನೂರರಿಂದ ಏಳೇಳು ಕಳೆಯುತ್ತ ಬರಲು ಹೇಳಿ, ದಿನ ವಾರ ಕೇಳಿ, ಸಹಿ ಮಾಡಿಸಿ. ಕೈಬರಹ ಕೆಡುವುದು ಕಣ್ಣಿಗೆ ಕಾಣುತ್ತೆ. ಹಿಂದಿನ ಸಹಿಯ ಪಕ್ಕದಲ್ಲೇ ಮಾಡಿಸಿದರೆ ಹೋಲಿಸೋದು ಸುಲಭ.

ನಿಲ್ಲಿಸೋದು ಯಾವಾಗ: 45ಕ್ಕಿಂತ ಕೆಳಗಿದ್ದು ಲಕ್ಷಣವೂ ಬಂದಾಗ, ಅಥವಾ 72 ಗಂಟೆ ಮುಗಿದಾಗ. ತ್ರಿಕೂಟ ಮೊದಲೇ ದಾಖಲಾಗಿದ್ದರೆ 55ಕ್ಕಿಂತ ಕೆಳಗೆ ಹೋದರೆ ಸಾಕು. ನಿಲ್ಲಿಸುವ ತೀರ್ಮಾನವನ್ನ ಲ್ಯಾಬ್ ಗ್ಲೂಕೋಸ್ ನೋಡಿ ಮಾಡಿ. ಬೆರಳಿನ ಮೀಟರ್ ನೋಡಿ ನಿಲ್ಲಿಸಿದರೆ ಅರ್ಧಕ್ಕೇ ಕೆಟ್ಟ ಪರೀಕ್ಷೆ. ರೋಗಿಗೆ ಅಪಾಯ ಕಂಡರೆ ಮಾತ್ರ ಯಾವ ಅಂಕಿಗೂ ಕಾಯಬೇಡಿ. ಕೊನೆಗೆ ಎಲ್ಲ ಟ್ಯೂಬು ತುಂಬಿ, ನಾಳಕ್ಕೆ ಗ್ಲೂಕಗಾನ್ 1 ಮಿ.ಗ್ರಾಂ, 10, 20, 30 ನಿಮಿಷಕ್ಕೆ ಗ್ಲೂಕೋಸ್. ಆಮೇಲೆ ಊಟ.

ಓದುಗ_27

ಇದನ್ನ ಮನೆಯಲ್ಲೇ ಉಪವಾಸ ಇದ್ದು ಮೀಟರಲ್ಲಿ ನೋಡಿಕೊಂಡರೆ ಆಗಲ್ವಾ? ಮೂರು ದಿನ ಹಾಸಿಗೆ ಅಂದ್ರೆ...

ಸಿಸ್ಟರ್_ನೈಟ್

ಖಂಡಿತ ಬೇಡ. ಮೆದುಳು ಮಂಕಾದ ಮೇಲೆ ಸಕ್ಕರೆ ತಗೋಬೇಕು ಅನ್ನೋದೇ ತೋಚಲ್ಲ. ಮನೆಯಲ್ಲಿ ಉಪವಾಸ ಮಾಡಿ ಫಿಟ್ಸ್ ಬಂದರೆ ರಕ್ತವೂ ಸಿಗಲ್ಲ, ಜೀವಕ್ಕೂ ಅಪಾಯ.

ನಿರ್ನಾಳ

ಮೂರು ದಿನ ಪೂರ್ತಿ ಹಿಡಿಯೋದೂ ಅಪರೂಪ. ಇನ್ಸುಲಿನೋಮಾ ಇದ್ದರೆ ಮೂರರಲ್ಲಿ ಎರಡು ಪಾಲು ಜನರಲ್ಲಿ 24 ಗಂಟೆಯೊಳಗೇ ಇಳಿಯುತ್ತೆ, ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನರಲ್ಲಿ 48 ಗಂಟೆಯೊಳಗೆ.

ಅಂಕಿ_ಅಂಶ

ಫಲಿತಾಂಶ ಓದೋದು ಹೇಗೆ ಅಂತ ಬಿಡಿಸಿ ಬರೆದರೆ ಉಪಕಾರ. ಪುಸ್ತಕದ ಕೋಷ್ಟಕ ನೋಡಿದರೆ ತಲೆ ಗಿರ್ ಅನ್ನುತ್ತೆ.

ನಿರ್ನಾಳ

ಒಂದೇ ಪ್ರಶ್ನೆಯಿಂದ ಶುರು ಮಾಡಿ: ಗ್ಲೂಕೋಸ್ 55ಕ್ಕಿಂತ ಕೆಳಗಿದ್ದಾಗ ಇನ್ಸುಲಿನ್ ಸುಮ್ಮನಿತ್ತಾ, ಇಲ್ವಾ?

ಸುಮ್ಮನಿರಲಿಲ್ಲ ಅನ್ನೋಕೆ ಗೆರೆಗಳು: ಇನ್ಸುಲಿನ್ 3 ಮೈಕ್ರೋಯೂನಿಟ್ ಅಥವಾ ಮೇಲೆ, ಸಿ-ಪೆಪ್ಟೈಡ್ 0.6 ನ್ಯಾನೋಗ್ರಾಂ (0.2 ನ್ಯಾನೋಮೋಲ್) ಅಥವಾ ಮೇಲೆ, ಪ್ರೊಇನ್ಸುಲಿನ್ 5 ಪಿಕೋಮೋಲ್ ಅಥವಾ ಮೇಲೆ. ಈ ಅಂಕಿಗಳು "ನಾರ್ಮಲ್" ವ್ಯಾಪ್ತಿಯೊಳಗೇ ಇರುತ್ತವೆ, ಲ್ಯಾಬ್ ವರದಿಯಲ್ಲಿ ಅಡಿಗೆರೆ ಬೀಳಲ್ಲ. ಸಿ-ಪೆಪ್ಟೈಡ್ 1.4 ನೋಡಿ "ಸರಿ ಇದೆ" ಅಂತ ಫೈಲು ಮುಚ್ಚೋದು ಇಲ್ಲಿಯ ದೊಡ್ಡ ಪ್ರಮಾದ. ಆ ಹೊತ್ತಿಗೆ ಅದು ಇರಲೇಬಾರದಿತ್ತು.

ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ ಇದಕ್ಕೆ ಸಾಕ್ಷಿ. ಇನ್ಸುಲಿನ್ ಕೆಲಸ ಮಾಡ್ತಿದ್ದರೆ ಕೊಬ್ಬು ಕರಗಲ್ಲ, ಕೀಟೋನ್ ಏರಲ್ಲ, 2.7 ಮಿಲಿಮೋಲ್ ದಾಟಲ್ಲ. ಗ್ಲೂಕಗಾನ್‌ಗೆ ಗ್ಲೂಕೋಸ್ 25ಕ್ಕಿಂತ ಹೆಚ್ಚು ಜಿಗಿದರೆ ಲಿವರಿನಲ್ಲಿ ಗ್ಲೈಕೋಜನ್ ಹಾಗೇ ಕೂತಿತ್ತು ಅಂತ ಅರ್ಥ. ಇನ್ಸುಲಿನ್ ಅದನ್ನ ಬೀಗ ಹಾಕಿ ಇಟ್ಟಿತ್ತು.

ಇನ್ನು ಜೋಡಿಸೋದು. ಇನ್ಸುಲಿನ್ ಬಹಳ ಹೆಚ್ಚು, ಸಿ-ಪೆಪ್ಟೈಡ್ ತಳದಲ್ಲಿದ್ದರೆ ಇನ್ಸುಲಿನ್ ಹೊರಗಿನಿಂದ ಬಂದದ್ದು. ಪ್ಯಾಂಕ್ರಿಯಾಸ್ ಒಂದು ಇನ್ಸುಲಿನ್ ಬಿಟ್ಟರೆ ಜೊತೆಗೆ ಒಂದು ಸಿ-ಪೆಪ್ಟೈಡ್ ಬಿಡುತ್ತೆ, ಬಾಟಲಿಯ ಇನ್ಸುಲಿನ್‌ನಲ್ಲಿ ಅದು ಇಲ್ಲ. ಎರಡೂ ಹೆಚ್ಚಿದ್ದು ಸಲ್ಫೊನಿಲ್‌ಯೂರಿಯಾ ಸಿಕ್ಕರೆ ಮಾತ್ರೆ. ಸಿಗದೇ ಇದ್ದು ಆ್ಯಂಟಿಬಾಡಿಯೂ ಇಲ್ಲದಿದ್ದರೆ ಇನ್ಸುಲಿನೋಮಾ ಅಥವಾ ಬೀಟಾ ಕೋಶಗಳ ಬೇರೆ ತೊಂದರೆ. ಎರಡೂ ಹೆಚ್ಚು, ಇನ್ಸುಲಿನ್ ನೂರುಗಟ್ಟಲೆ ಸಾವಿರಗಟ್ಟಲೆ ಅಂತ ನಂಬಲಾಗದ ಅಂಕಿ, ಆ್ಯಂಟಿಬಾಡಿ ಪಾಸಿಟಿವ್ ಆದರೆ ಹಿರಾಟಾ ಕಾಯಿಲೆ. 1970ರಲ್ಲಿ ಜಪಾನಿನಲ್ಲಿ ಮೊದಲು ವರದಿಯಾದದ್ದು. ಕಾರ್ಬಿಮಜೋಲ್, ಮೆಥಿಮಜೋಲ್, ಆಲ್ಫಾ ಲಿಪೋಯಿಕ್ ಆಸಿಡ್ ತಗೊಂಡವರಲ್ಲಿ ಇದನ್ನ ನೆನೆಯಿರಿ.

ಎಲ್ಲವೂ ತಳದಲ್ಲಿ, ಆದರೆ ಕೀಟೋನೂ ಇಲ್ಲ, ಗ್ಲೂಕಗಾನ್‌ಗೆ ಜಿಗಿತ ಇದೆ ಅಂದರೆ ಇನ್ಸುಲಿನ್‌ನ ವೇಷದಲ್ಲಿ ಬೇರೊಂದು ಕೆಲಸ ಮಾಡ್ತಿದೆ: ಐಜಿಎಫ್-2, ಇನ್ಸುಲಿನ್ ಹೋಲುವ ಬೆಳವಣಿಗೆಯ ಅಂಶ. ಎದೆ ಅಥವಾ ಹೊಟ್ಟೆಯಲ್ಲಿ ದೊಡ್ಡ ಗಡ್ಡೆ ಹುಡುಕಿ. ಪೊಟ್ಯಾಸಿಯಂ ಕಡಿಮೆ ಇರೋದು ಜೊತೆಗಿನ ಸುಳಿವು. ಎಲ್ಲವೂ ತಳದಲ್ಲಿದ್ದು ಕೀಟೋನ್ 2.7 ದಾಟಿದ್ದರೆ ಇನ್ಸುಲಿನ್‌ನ ತಪ್ಪಿಲ್ಲ. ಮದ್ಯ, ಹಸಿವು, ಕಾರ್ಟಿಸಾಲ್ ಕೊರತೆ, ಲಿವರ್ ಕಡೆ ನೋಡಿ.

ಟ್ಯೂಬ್_ಲೇಬಲ್

ಎರಡು ಸೇರ್ಪಡೆ. ಕೆಲವು ಇನ್ಸುಲಿನ್ ಕಿಟ್‌ಗಳು ಮಾನವ ಇನ್ಸುಲಿನ್ ಮಾತ್ರ ಹಿಡಿಯುತ್ತವೆ. ಲಿಸ್ಪ್ರೊ, ಆಸ್ಪಾರ್ಟ್, ಗ್ಲಾರ್ಜಿನ್‌ನಂಥ ಅನಲಾಗ್ (ರಚನೆ ಸ್ವಲ್ಪ ಬದಲಿಸಿದ) ಇನ್ಸುಲಿನ್ ಚುಚ್ಚಿಕೊಂಡವರಲ್ಲಿ ಅಂಥ ಕಿಟ್ ಶೂನ್ಯದ ಹತ್ತಿರ ತೋರಿಸಬಹುದು. ಆಗ ಎಲ್ಲವೂ ತಳದಲ್ಲಿ, ಕೀಟೋನ್ ಇಲ್ಲ. ಐಜಿಎಫ್ ಗಡ್ಡೆ ಅಂತ ದಾರಿ ತಪ್ಪುತ್ತೆ. ದೇಹವೆಲ್ಲ ಸ್ಕ್ಯಾನ್ ಮಾಡಿಸುವ ಮೊದಲು ಲ್ಯಾಬಿಗೆ ಫೋನ್ ಮಾಡಿ, ನಿಮ್ಮ ಕಿಟ್ ಅನಲಾಗ್ ಹಿಡಿಯುತ್ತಾ ಅಂತ ಕೇಳಿ.

ಎರಡನೆಯದು, ಸಿ-ಪೆಪ್ಟೈಡ್ ದೇಹದಿಂದ ಹೋಗೋದು ಕಿಡ್ನಿ ದಾರಿಯಲ್ಲಿ. ಕ್ರಿಯಾಟಿನಿನ್ ಏರಿದವರಲ್ಲಿ ಸಿ-ಪೆಪ್ಟೈಡ್ ಒಂದನ್ನೇ ನೋಡಿ ಇನ್ಸುಲಿನೋಮಾ ಅನ್ನಬೇಡಿ. ಮತ್ತೆ, ಮಾಮೂಲಿ ವಿಷ ತಪಾಸಣೆಯಲ್ಲಿ ಸಲ್ಫೊನಿಲ್‌ಯೂರಿಯಾ ಇರಲ್ಲ. ಬೇರೆಯಾಗಿ ಹೆಸರಿಸಿ ಬರೆಯಬೇಕು.

ಓದುಗ_27

ತಾನೇ ಇನ್ಸುಲಿನ್ ಚುಚ್ಚಿಕೊಂಡು ಸುಳ್ಳು ಹೇಳುವವರೂ ಇರ್ತಾರಾ?

ತುರ್ತು_ಘಟಕ

ಇರ್ತಾರೆ. ಬೇರೆಯವರು ಚುಚ್ಚಿದ್ದೂ ಇರುತ್ತೆ. ಫಲಿತಾಂಶ ಕೈಗೆ ಬರುವ ಮೊದಲು ಯಾರ ಮೇಲೂ ಆರೋಪದ ಮಾತು ಬೇಡ. ಬಂದ ಮೇಲೂ ಒಬ್ಬರೇ ಹೋಗಿ ಕೇಳಬೇಡಿ, ಮನೋವೈದ್ಯರ ಜೊತೆ ಕೂತು ಮಾತಾಡಿ. ಆ ವ್ಯಕ್ತಿಗೆ ಬೇಕಾದ್ದು ನೆರವು.

ಬೇರಿಯಾಟ್ರಿಕ್_ಮಾತು

ಇಷ್ಟೆಲ್ಲ ಖಾಲಿ ಹೊಟ್ಟೆಯ ಕಥೆ. ಊಟದ ಮೇಲೆ ಇಳಿಯುವವರನ್ನ ಮರೆತಿರಿ. ತೂಕ ಇಳಿಸಲು ಗ್ಯಾಸ್ಟ್ರಿಕ್ ಬೈಪಾಸ್ ಶಸ್ತ್ರಚಿಕಿತ್ಸೆ ಆದವರಲ್ಲಿ ಊಟದ ಒಂದರಿಂದ ಮೂರು ಗಂಟೆಗೆ ಇಳಿಯುತ್ತೆ, ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯಾಗಿ ವರ್ಷ ಕಳೆದ ಮೇಲೆ. ಊಟವಾದ ಅರ್ಧ ಗಂಟೆಯೊಳಗೆ ಹೊಟ್ಟೆ ನುಲಿತ, ಭೇದಿ, ಮುಖ ಕೆಂಪಾಗೋದು ಬೇರೆ. ಅದು ಡಂಪಿಂಗ್, ಆಗ ಶುಗರ್ ಕಡಿಮೆ ಇರಲ್ಲ. ಹೊಟ್ಟೆಯ ಮೇಲೆ ಗಾಯದ ಗುರುತಿದೆಯಾ ಅಂತ ನೋಡದೇ ಮೂರು ದಿನ ಉಪವಾಸ ಕೆಡವಿದರೆ ಏನೂ ಸಿಗಲ್ಲ.

ಅಂಕಿ_ಅಂಶ

ಅವರಿಗಾದರೂ ಜಿಟಿಟಿ ಮಾಡಬಹುದಲ್ಲ?

ಬೇರಿಯಾಟ್ರಿಕ್_ಮಾತು

ಬೇಡ ಅಂತಲೇ ಹೇಳೋದು. 75 ಗ್ರಾಂ ಗ್ಲೂಕೋಸ್ ನೀರು ಯಾರೂ ದಿನಾ ಕುಡಿಯುವ ಊಟ ಅಲ್ಲ. ಆರೋಗ್ಯವಂತರಲ್ಲೇ ಹತ್ತರಲ್ಲಿ ಒಬ್ಬರಿಗೆ ಅದರ ನಂತರ 50ರ ಕೆಳಗೆ ಇಳಿಯುತ್ತೆ. ಮಿಶ್ರ ಊಟದ ಪರೀಕ್ಷೆ ಮಾಡಿ: ಯಾವ ಬಗೆಯ ಊಟಕ್ಕೆ ಲಕ್ಷಣ ಬರುತ್ತೆ ಅಂತ ರೋಗಿ ಹೇಳ್ತಾರೋ ಅದನ್ನೇ ಕೊಡಿ, ಮುಂಚೆ ಒಂದು ಸಲ, ಆಮೇಲೆ 30 ನಿಮಿಷಕ್ಕೊಮ್ಮೆ ಐದು ಗಂಟೆವರೆಗೆ ರಕ್ತ. 60ಕ್ಕಿಂತ ಕೆಳಗೆ ಹೋದ ಟ್ಯೂಬಿನಲ್ಲಿ ಇನ್ಸುಲಿನ್, ಸಿ-ಪೆಪ್ಟೈಡ್, ಪ್ರೊಇನ್ಸುಲಿನ್. ಇದರಿಂದ ತ್ರಿಕೂಟ ಸಾಬೀತಾಗುತ್ತೆ, ಕಾರಣ ಗೊತ್ತಾಗಲ್ಲ. ಇನ್ಸುಲಿನೋಮಾದವರಲ್ಲೂ ಊಟದ ಮೇಲೆ ಇಳಿಯೋದುಂಟು.

ಓದುಗ_27

ತೋಳಿಗೆ ಅಂಟಿಸೋ ಸೆನ್ಸರ್ ಹಾಕಿ ಹದಿನಾಲ್ಕು ದಿನ ನೋಡಿದರೆ ಇಷ್ಟೆಲ್ಲ ರಗಳೆ ಇರಲ್ಲ ಅಲ್ವಾ?

ಟ್ಯೂಬ್_ಲೇಬಲ್

ಸೆನ್ಸರ್ ಅಳೆಯೋದು ರಕ್ತ ಅಲ್ಲ, ಚರ್ಮದಡಿಯ ದ್ರವ. ಐದರಿಂದ ಹದಿನೈದು ನಿಮಿಷ ಹಿಂದೆ ಇರುತ್ತೆ, ಕೆಳಗಿನ ಅಂಕಿಗಳಲ್ಲಿ ನಿಖರತೆ ಕಡಿಮೆ. ಆ ತೋಳಿನ ಮೇಲೆ ಮಗ್ಗುಲಾಗಿ ಮಲಗಿದರೆ ಒತ್ತಡಕ್ಕೇ ರಾತ್ರಿ 50 ತೋರಿಸುತ್ತೆ, ಮಗ್ಗುಲು ಬದಲಿಸಿದರೆ ಸರಸರ ಏರುತ್ತೆ. ಯಾವ ಹೊತ್ತಿಗೆ ಇಳಿಯುತ್ತೆ ಅನ್ನೋ ಅಂದಾಜಿಗೆ ಉಪಯೋಗಿಸಿ. ರೋಗನಿರ್ಣಯಕ್ಕೆ ಅಲ್ಲ.

ಸ್ಕ್ಯಾನ್_ರೂಮ್

ಸಿಟಿ ಬರೆಯುವವರನ್ನ ಎಲ್ಲರೂ ಬೈದಿರಿ, ಒಪ್ಪಿದೆ. ಆದರೆ ಯಾಕೆ ಅಂತ ಹೇಳಿ. ಇನ್ಸುಲಿನೋಮಾಗಳಲ್ಲಿ ಹೆಚ್ಚಿನವು 2 ಸೆಂ.ಮೀ.ಗಿಂತ ಸಣ್ಣವು. ಸಿಟಿಯಲ್ಲಿ ಕಾಣಲಿಲ್ಲ ಅಂದರೆ ಇಲ್ಲ ಅಂತ ಅಲ್ಲ. ಪ್ಯಾಂಕ್ರಿಯಾಸಿನಲ್ಲಿ ಏನೋ ಚುಕ್ಕೆ ಕಂಡರೆ ಅದೇ ತಪ್ಪಿತಸ್ಥ ಅಂತಲೂ ಅಲ್ಲ. ಸುಮ್ಮನಿರುವ ಗಡ್ಡೆಗಳೂ ಇರುತ್ತವೆ. ರಕ್ತದ ಸಾಕ್ಷಿ ಮೊದಲು, ಜಾಗ ಹುಡುಕೋದು ಆಮೇಲೆ.

ಸಾಕ್ಷಿ ಬಂದ ಮೇಲೆ ಸಿಟಿಯನ್ನ ಪ್ಯಾಂಕ್ರಿಯಾಸ್ ಪ್ರೋಟೋಕಾಲಿನಲ್ಲಿ, ಅಪಧಮನಿ ಹಂತದ ಚಿತ್ರಗಳೊಂದಿಗೆ ತೆಗೆಯಿರಿ. ಇನ್ಸುಲಿನೋಮಾಕ್ಕೆ ರಕ್ತ ಹೆಚ್ಚು, ಆ ಕೆಲವು ಸೆಕೆಂಡುಗಳಲ್ಲಿ ಹೊಳೆಯುತ್ತೆ. ಬರೀ "ಹೊಟ್ಟೆ ಸಿಟಿ" ಅಂತ ಚೀಟಿ ಬರೆದರೆ ಆ ಹಂತವೇ ಇರಲ್ಲ. ಕಾಣದಿದ್ದರೆ ಎಂಆರ್‌ಐ, ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್. ಆಮೇಲೂ ಕಾಣದಿದ್ದರೆ ಎಕ್ಸೆಂಡಿನ್-4 ಪೆಟ್ (ಇನ್ಸುಲಿನೋಮಾಕ್ಕೆ ಅಂಟುವ ವಿಕಿರಣ ಗುರುತು ಕೊಟ್ಟು ತೆಗೆಯುವ ಸ್ಕ್ಯಾನ್), ಇಲ್ಲವೇ ಪ್ಯಾಂಕ್ರಿಯಾಸಿನ ಒಂದೊಂದು ಅಪಧಮನಿಗೂ ಕ್ಯಾಲ್ಸಿಯಂ ಬಿಟ್ಟು ಲಿವರಿನ ಸಿರೆಯಲ್ಲಿ ಇನ್ಸುಲಿನ್ ಅಳೆಯುವ ಪರೀಕ್ಷೆ.

ನಿರ್ನಾಳ

ಇನ್ಸುಲಿನೋಮಾ ಖಚಿತವಾದರೆ ಕ್ಯಾಲ್ಸಿಯಂ, ಪ್ರೊಲ್ಯಾಕ್ಟಿನ್ ಕೂಡ ನೋಡಿ. ಹತ್ತರಲ್ಲಿ ಒಬ್ಬರ ತನಕ ಎಂಇಎನ್-1 ಎಂಬ ವಂಶಪಾರಂಪರ್ಯದ ಕಾಯಿಲೆ ಇರಬಹುದು, ಅವರಲ್ಲಿ ಗಡ್ಡೆ ಒಂದಕ್ಕಿಂತ ಹೆಚ್ಚು.

ವಾರ್ಡ್_ಡ್ಯೂಟಿ

ಎಲ್ಲರಿಗೂ ಧನ್ಯವಾದ. ಕೊನೆಯ ಪ್ರಶ್ನೆ. ಉಪವಾಸ ಪರೀಕ್ಷೆಗೆ ಹಾಸಿಗೆ ಸಿಗಲು ಎರಡು ವಾರ. ಅಷ್ಟರಲ್ಲಿ ಮತ್ತೆ ಇಳಿದರೆ ಯಾವುದೋ ಆಸ್ಪತ್ರೆಗೆ ಹೋಗಿ, ಸಕ್ಕರೆ ಹಾಕಿಸಿಕೊಂಡು ಬಂದುಬಿಡ್ತಾರೆ. ಏನು ಮಾಡಲಿ?

ತುರ್ತು_ಘಟಕ

ಒಂದು ಚೀಟಿ ಬರೆದು ಜೇಬಿನಲ್ಲಿಡಲು ಕೊಡಿ. ಡ್ಯೂಟಿ ಡಾಕ್ಟರಿಗೆ ಅಂತ ಮೇಲೆ ಬರೆಯಿರಿ: "ಕಾರಣ ತಿಳಿಯದ ಲೋ ಶುಗರ್. ಡೆಕ್ಸ್‌ಟ್ರೋಸ್ ಕೊಡುವ ಮೊದಲು, ಚಿಕಿತ್ಸೆ ತಡವಾಗದಂತೆ, 10 ಮಿ.ಲೀ. ರಕ್ತ ತೆಗೆದಿಡಿ: ಗ್ಲೂಕೋಸ್, ಇನ್ಸುಲಿನ್, ಸಿ-ಪೆಪ್ಟೈಡ್, ಪ್ರೊಇನ್ಸುಲಿನ್, ಕೀಟೋನ್, ಸಲ್ಫೊನಿಲ್‌ಯೂರಿಯಾ." ಕೆಳಗೆ ನಿಮ್ಮ ವಾರ್ಡಿನ ನಂಬರ್. ಅಲ್ಲಿಯವರೆಗೆ ವಾಹನ ಓಡಿಸಬಾರದು, ಒಬ್ಬರೇ ಮಲಗಬಾರದು, ಗ್ಲೂಕೋಸ್ ಪುಡಿ ಕೈಗೆ ಸಿಗೋ ಹಾಗಿರಬೇಕು. ಮಲಗುವ ಮುನ್ನ ಏನಾದರೂ ತಿನ್ನಲಿ.

ಟ್ಯೂಬ್_ಲೇಬಲ್

ಚೀಟಿಗೆ ಇನ್ನೊಂದು ಸಾಲು ಸೇರಿಸಿ: ಟ್ಯೂಬಿನ ಮೇಲೆ ರಕ್ತ ತೆಗೆದ ಗಂಟೆ ನಿಮಿಷ, ಡೆಕ್ಸ್‌ಟ್ರೋಸ್ ಕೊಟ್ಟ ಗಂಟೆ ನಿಮಿಷ, ಎರಡೂ ಬರೆಯಬೇಕು. ಇನ್ಸುಲಿನ್ ರಕ್ತದಲ್ಲಿ ಐದಾರು ನಿಮಿಷಕ್ಕೆ ಅರ್ಧವಾಗುತ್ತೆ, ಸಿ-ಪೆಪ್ಟೈಡ್‌ಗೆ ಅರ್ಧ ಗಂಟೆ ಬೇಕು. ಹೊತ್ತು ಬರೆಯದ ಟ್ಯೂಬಿನಲ್ಲಿ ಎರಡನ್ನೂ ಹೋಲಿಸೋಕೆ ಆಗಲ್ಲ.

ವಾರ್ಡ್_ಡ್ಯೂಟಿ

ಬರೆದೆ. ಎರಡು ಪ್ರತಿ ಮಾಡಿ ಒಂದನ್ನ ಮನೆಯವರ ಕೈಗೂ ಕೊಡ್ತೀನಿ.